ಹಿರೋಶಿಮಾ, ನಾಗಸಾಕಿಯ ಹಳೆಯ ರೀಲುಗಳನ್ನು ನಾನು ಗುರುತು ಹಿಡಿಯುವ ಬಗೆ

ಡಾಕ್ಯುಮೆಂಟರಿಗಳಿಗೆ ಹಳೆಯ ಫುಟೇಜ್ ಹುಡುಕಿಕೊಡುವುದು ನನ್ನ ಕೆಲಸ. ಕೊಡಗಿನ ಕೆ.ಎಸ್. ತಿಮ್ಮಯ್ಯನವರ ಬಗ್ಗೆ ಒಂದು ಕಿರುಚಿತ್ರಕ್ಕೆ ಯುದ್ಧ ಮುಗಿದ ಮೇಲಿನ ಜಪಾನ್ ಬೇಕಾಗಿತ್ತು. ಸೋತ ಜಪಾನಿಗೆ ಹೋದ 268ನೇ ಭಾರತೀಯ ಬ್ರಿಗೇಡ್ ಅವರ ಕೈಕೆಳಗಿತ್ತು. 'ಹಿರೋಶಿಮಾದ ಒಂದೆರಡು ಶಾಟ್ ಇದ್ದರೆ ಸಾಕು' ಎಂದರು ನಿರ್ದೇಶಕರು. ಆದರೆ ಯಾವ ಹಿರೋಶಿಮಾ? ಬಾಂಬ್ ಬಿದ್ದ ತಿಂಗಳಿನದ್ದಾ, ಮುಂದಿನ ವರ್ಷದ್ದಾ?

ಇಂಟರ್ನೆಟ್‌ನಲ್ಲಿ ಓಡಾಡುವ ಬಣ್ಣದ ತುಣುಕುಗಳ ಕೆಳಗೆ 'ಆಗಸ್ಟ್ 1945' ಎಂದು ಬರೆದಿದ್ದರೆ ನಾನು ನಂಬುವುದಿಲ್ಲ. ಈ ಎರಡು ಊರುಗಳ ಫಿಲಂ ಮುಖ್ಯವಾಗಿ ಎರಡು ಕಂತುಗಳಲ್ಲಿ ತೆಗೆದದ್ದು. ಮೊದಲನೆಯದು ನಿಪ್ಪಾನ್ ಐಗಾಶಾ ಕಂಪನಿಯ ಜಪಾನಿ ಕ್ಯಾಮೆರಾದವರು 1945ರ ಸೆಪ್ಟೆಂಬರ್‌ನಿಂದ ತೆಗೆದ ಕಪ್ಪು ಬಿಳುಪು ಚಿತ್ರ. ಎರಡನೆಯದು ಡೇನಿಯಲ್ ಮೆಕ್‌ಗವರ್ನ್ ಅವರ ಅಮೆರಿಕನ್ ತಂಡ 1946ರಲ್ಲಿ 16 ಎಂಎಂ ಕೊಡಾಕ್ರೋಮ್ ಎಂಬ ಬಣ್ಣದ ಫಿಲಂನಲ್ಲಿ ತೆಗೆದದ್ದು. ಆ ತಂಡದಲ್ಲಿ ಹ್ಯಾರಿ ಮಿಮುರಾ ಎಂಬ ಜಪಾನಿ ಛಾಯಾಗ್ರಾಹಕರೂ ಇದ್ದರು. ಹಾಗಾಗಿ ಒಳ್ಳೆಯ ಬಣ್ಣ ಕಂಡರೆ ನನ್ನ ಮೊದಲ ಊಹೆ 1946. ಆಮೇಲೆ ಚಿತ್ರದೊಳಗೆ ನೋಡುತ್ತೇನೆ. ಜನ ದಪ್ಪ ಕೋಟು ತೊಟ್ಟಿದ್ದಾರಾ? ರಸ್ತೆಯ ಅವಶೇಷ ಬದಿಗೆ ಸರಿದಿದೆಯಾ? ತಗಡು ಹೊದಿಸಿದ ಗುಡಿಸಲುಗಳು ಎದ್ದಿವೆಯಾ? ಸುಡು ಬಿಸಿಲಿನ ಆಗಸ್ಟ್ ಹಾಗಿರುವುದಿಲ್ಲ ಅಲ್ವಾ?

ಮೂಲಕ್ಕೆ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ಕ್ಯಾಟಲಾಗ್ ಹಿಡಿಯುತ್ತೇನೆ. ರೀಲುಗಳು ಇರುವುದು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿ. ಅಲ್ಲಿ ದಾಖಲೆಗಳನ್ನು ರೆಕಾರ್ಡ್ ಗ್ರೂಪ್ ಎಂಬ ವಿಭಾಗಗಳಾಗಿ ಇಟ್ಟಿದ್ದಾರೆ: ವಾಯುಪಡೆಯ ಫಿಲಂಗೆ 342, ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್‌ನದಕ್ಕೆ 111. ಸುದ್ದಿಚಿತ್ರಕ್ಕೆ ಕತ್ತರಿಸಿ ಜೋಡಿಸಿದ್ದಕ್ಕಿಂತ ಕತ್ತರಿಸದ ರೀಲನ್ನೇ ಕೇಳುತ್ತೇನೆ. ಶಾಟ್‌ಗಳ ಹಿಂದುಮುಂದು ಅಲ್ಲಿ ಮಾತ್ರ ತಿಳಿಯುತ್ತದೆ. ಒಂದು ಬೆಟ್ಟ ಮೂರನೇ ಶಾಟ್‌ನಲ್ಲಿ ಗುರುತಾದರೆ, ಮೊದಲನೆಯದು ಎಲ್ಲಿಯದೆಂಬ ಸುಳಿವೂ ಸಿಗುತ್ತದೆ. ಜೊತೆಗಿರುವ ಶಾಟ್ ಪಟ್ಟಿ ಓದಬೇಕು, ಆದರೆ ಅದನ್ನೂ ಚಿತ್ರದ ಜೊತೆ ತಾಳೆ ನೋಡಬೇಕು.

ಶಬ್ದದ ವಿಚಾರದಲ್ಲಿ ನಾನು ಹಠಮಾರಿ. ಈ ಬಣ್ಣದ ರೀಲುಗಳು ಮೂಕಿ. ಪೆಸಿಫಿಕ್ ಯುದ್ಧದ ಕಾಳಗದ ಫಿಲಂ ಕೂಡ ಹೆಚ್ಚಿನದು ಮೂಕಿಯೇ, ನಾವು ಕೇಳುವ ಗುಂಡಿನ ಸದ್ದು ಆಮೇಲೆ ಸೇರಿಸಿದ್ದು. ಸುಮ್ನೆ ಗಾಳಿ, ಅಳು ಸೇರಿಸಬೇಡಿ ಎಂದು ಎಡಿಟರ್‌ಗೆ ಬರೆದೇ ಕೊಡುತ್ತೇನೆ.

ಆ ರೀಲುಗಳಲ್ಲಿ ಮಂಚದ ಮೇಲೆ ಬೋರಲಾಗಿ ಮಲಗಿದ ಹುಡುಗನೊಬ್ಬನಿದ್ದಾನೆ. ಬೆನ್ನು ಪೂರ್ತಿ ಕೆಂಪು. ಅವರು ಸುಮಿತೆರು ತನಿಗುಚಿ. ನಾಗಸಾಕಿಯಲ್ಲಿ ಸೈಕಲ್ ಮೇಲೆ ಅಂಚೆ ಹಂಚುತ್ತಿದ್ದಾಗ, ಸ್ಫೋಟದ ಕೇಂದ್ರದಿಂದ 1.8 ಕಿಲೋಮೀಟರ್ ದೂರದಲ್ಲಿ ಅವರ ಬೆನ್ನು ಸುಟ್ಟಿತು. ಆಗ 16 ವರ್ಷ. 1946ರ ಜನವರಿಯಲ್ಲಿ ಒಮುರಾದ ಆಸ್ಪತ್ರೆಯಲ್ಲಿ ತೆಗೆದ ಚಿತ್ರ ಅದು. 2017ರಲ್ಲಿ ತೀರಿಕೊಳ್ಳುವವರೆಗೂ ಅಣ್ವಸ್ತ್ರಗಳ ವಿರುದ್ಧ ಮಾತಾಡಿದರು. ಎಷ್ಟೋ ಚಿತ್ರಗಳು ಅವರನ್ನು ಹೆಸರಿಲ್ಲದೆ ಎರಡು ಸೆಕೆಂಡ್ ತೋರಿಸಿ ಮುಂದಕ್ಕೆ ಹೋಗುತ್ತವೆ. ನನಗೆ ಅದು ಸಹಿಸಲಾಗದು. ಹೆಸರು ಹಾಕಲು ಜಾಗವಿಲ್ಲ ಎಂದರೆ ಆ ಶಾಟ್ ಕೊಡುವುದಿಲ್ಲ.

ಈ ಫಿಲಂ ನಮ್ಮ ಕೈಗೆ ಬಂದದ್ದೂ ಸುಲಭವಾಗಿ ಅಲ್ಲ. ಜಪಾನಿಯರು ತೆಗೆದದ್ದನ್ನು ಅಮೆರಿಕ 1946ರಲ್ಲಿ ವಶಪಡಿಸಿಕೊಂಡಿತು, ಅದರ ಪ್ರತಿ ಮರಳಿದ್ದು 1967ರಲ್ಲಿ. ಬಣ್ಣದ ರೀಲುಗಳೂ ದಶಕಗಟ್ಟಲೆ ಹೊರಬರಲಿಲ್ಲ. 1980ರ ದಶಕದಲ್ಲಿ ಜಪಾನಿನ ಸಾಮಾನ್ಯ ಜನ ತಲಾ 10 ಅಡಿ ಫಿಲಂನ ದುಡ್ಡು ಕೊಟ್ಟು ಅವುಗಳ ಪ್ರತಿ ಕೊಂಡರು. 16 ಎಂಎಂನಲ್ಲಿ 10 ಅಡಿ ಎಂದರೆ ಸುಮಾರು 17 ಸೆಕೆಂಡ್.

ತಿಮ್ಮಯ್ಯನವರ ಚಿತ್ರಕ್ಕೆ ಕೊನೆಗೆ 1946ರ ಬಣ್ಣದ ಬೀದಿಗಳನ್ನೇ ಕೊಟ್ಟೆ. ಭಾರತದ ಸೈನಿಕರು ಜಪಾನಿಗೆ ಕಾಲಿಟ್ಟದ್ದೂ ಆ ವರ್ಷವೇ. ಪರದೆಯ ಮೂಲೆಯಲ್ಲಿ ಊರು, ಇಸವಿ ಎರಡೂ ಇವೆ.