ಮೋನೋ: ಜ್ವರ ಬಿಟ್ಟ ಮೇಲೂ ಸುಸ್ತು ಬಿಡದಿದ್ದರೆ ಏನು ಮಾಡಬೇಕು?

ಮೋನೋ, ಅಂದರೆ ಮೋನೋನ್ಯೂಕ್ಲಿಯೋಸಿಸ್ ಎಂಬ ವೈರಸ್ ಕಾಯಿಲೆ, ಬರೀ ಗಂಟಲು ನೋವು ಅಂತ ಶುರುವಾಗುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಉಗುಳು ನುಂಗುವುದೂ ಕಷ್ಟ. ಕತ್ತಿನ ಎರಡೂ ಬದಿ ಗಡ್ಡೆ ಊದಿಕೊಳ್ಳುತ್ತವೆ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿ ಬಂದರೆ ಕಾಲು ನಡುಗುತ್ತದೆ. ನನ್ನ ಮಗನಿಗೆ 19ನೇ ವಯಸ್ಸಿನಲ್ಲಿ ಮೋನೋ ಜೋರಾಗಿ ಬಂದಾಗ ಹೀಗೇ ಆಗಿತ್ತು. ಆಗ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಇದಕ್ಕೆ ಹೆಚ್ಚಾಗಿ ಕಾರಣ ಎಪ್‌ಸ್ಟೀನ್-ಬಾರ್ ವೈರಸ್. 1964ರಲ್ಲಿ ಪತ್ತೆಯಾದದ್ದು. ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ ಬಂದು, ಗೊತ್ತೇ ಆಗದೆ ಹೋಗಿರುತ್ತದೆ. ಹದಿಹರೆಯ ದಾಟುವಾಗ ಬಂದರೆ ಮಾತ್ರ ಕಾಟ ಜಾಸ್ತಿ.

ಮೊದಲು, ಮೋನೋ ಹೌದೇ ಅಂತ ತಿಳಿದುಕೊಳ್ಳಿ

ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆದರೆ ಮೊದಲ ವಾರ ಮಾಡಿಸಿದರೆ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಲಕ್ಷಣ ಹಾಗೇ ಇದ್ದರೆ ಮತ್ತೊಮ್ಮೆ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಇದು ವೈರಸ್ ಕಾಯಿಲೆ, ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಜೊತೆಗೆ ಬ್ಯಾಕ್ಟೀರಿಯಾ ಸೋಂಕೂ ಇದ್ದರೆ ಮಾತ್ರ ಅದು ಬೇಕಾಗಬಹುದು. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಸುಮ್ನೆ ನುಂಗಬೇಡಿ. ಮೋನೋ ಇದ್ದಾಗ ಅದನ್ನು ತೆಗೆದುಕೊಂಡರೆ ಮೈಯೆಲ್ಲ ಕೆಂಪು ದದ್ದು ಏಳುವುದುಂಟು.

ಗಂಟಲು ಮತ್ತು ನೀರು

ನೋವಿಗೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅಲ್ಲೇ ಸ್ಥಿತಿ ಕೆಡುವುದು. ವೈದ್ಯರು ಹೇಳಿದ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಕೊಟ್ಟು ಅರ್ಧ, ಮುಕ್ಕಾಲು ಗಂಟೆ ಕಾಯಿರಿ. ನೋವು ಸ್ವಲ್ಪ ತಗ್ಗುತ್ತದೆ. ನೀರಿಗೆ, ಊಟಕ್ಕೆ ಅದೇ ಸಮಯ. ಮಗನಿಗೆ ಲೋಟ ಎತ್ತಿ ಕುಡಿಯಲು ಆಗುತ್ತಿರಲಿಲ್ಲ. ಚಮಚದಲ್ಲಿ ಮೂರು ಗುಟುಕು, ಹತ್ತು ನಿಮಿಷ ಬಿಟ್ಟು ಮತ್ತೆ ಮೂರು. ಐಸ್ ತುಂಡು ಚೀಪಿದರೂ ಹಿತ. ಬೆಚ್ಚಗಿನ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದು ಅರ್ಥ.

ಈ ಕಾಯಿಲೆಯಲ್ಲಿ ಲಿವರ್ ಕೂಡ ಊದಿಕೊಳ್ಳಬಹುದು. ಹಾಗಾಗಿ ಮಾತ್ರೆಯ ಪ್ರಮಾಣ ಮೀರಬೇಡಿ, ಮದ್ಯ ಮುಟ್ಟಲೇಬೇಡಿ. ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಕೊಡಬಾರದು.

ಎಡಪಕ್ಕೆ ಜೋಪಾನ

ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ (ಸ್ಪ್ಲೀನ್) ಎಂಬ ಅಂಗ ಇದೆ. ಮೋನೋ ಬಂದಾಗ ಅದು ದಪ್ಪಗಾಗುವುದು ಸಾಮಾನ್ಯ. ಆಗ ಏಟು ಬಿದ್ದರೆ ಒಡೆಯಬಹುದು. ಅಪರೂಪ ನಿಜ, ಆದರೆ ಪ್ರಾಣಕ್ಕೇ ಕುತ್ತು. ಕಾಯಿಲೆ ಶುರುವಾದಾಗಿನಿಂದ ಕಡಿಮೆ ಅಂದರೂ 3-4 ವಾರ ಆಟ, ಓಟ, ಭಾರ ಎತ್ತುವುದು ಬೇಡ. ಆಮೇಲೂ ವೈದ್ಯರು ನೋಡಿ ಸರಿ ಎಂದರೆ ಮಾತ್ರ. ಮನೆಯಲ್ಲಿ ಒತ್ತಿ ನೋಡುವ ಸಾಹಸ ಬೇಡ.

ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಅಥವಾ ಎಡ ಭುಜದಲ್ಲಿ ದಿಢೀರ್ ನೋವು, ತಲೆಸುತ್ತು, ಉಸಿರಾಟಕ್ಕೆ ತೊಂದರೆ, ನೀರೂ ಇಳಿಯದ ಗಂಟಲು, ಹಳದಿ ಕಣ್ಣು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಎಂಜಲು

ವೈರಸ್ ಹರಡುವುದು ಮುಖ್ಯವಾಗಿ ಎಂಜಲಿನಿಂದ. ವಾಸಿಯಾದ ಮೇಲೂ ತಿಂಗಳುಗಟ್ಟಲೆ ಎಂಜಲಿನಲ್ಲಿ ಇರುತ್ತದೆ. ಲೋಟ, ಚಮಚ, ಬ್ರಷ್ ಬೇರೆ ಇರಲಿ. ಒಬ್ಬರನ್ನೇ ಕೋಣೆಯಲ್ಲಿ ಕೂಡಿಹಾಕುವುದು ಬೇಕಿಲ್ಲ.

ನಿಜವಾದ ಪರೀಕ್ಷೆ: ಸುಸ್ತು

ಜ್ವರ, ಗಂಟಲು ನೋವು ಸಾಮಾನ್ಯವಾಗಿ 2-4 ವಾರದಲ್ಲಿ ತಗ್ಗುತ್ತವೆ. ಸುಸ್ತು ಅಷ್ಟು ಬೇಗ ಬಿಡುವುದಿಲ್ಲ. ಕೆಲವರಿಗೆ ಆರು ತಿಂಗಳಾದರೂ ಇರುತ್ತದೆ. ನೋಡಿದವರು "ಚೆನ್ನಾಗೇ ಇದ್ದೀಯಲ್ಲ" ಅನ್ನುತ್ತಾರೆ. ಆ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸುತ್ತದೆ. ದಯವಿಟ್ಟು ಹಾಗೆ ಅನ್ನಬೇಡಿ. ಇದು ಸೋಮಾರಿತನ ಅಲ್ಲ.

ನಾವು ಇಲ್ಲೇ ಎಡವಿದ್ದು. ಜ್ವರ ಬಿಟ್ಟಿತು ಅಂತ ಮೂರನೇ ವಾರ ಮಗ ಕಾಲೇಜಿಗೆ ಹೋದ. ಎರಡು ಕ್ಲಾಸು ಮುಗಿಸಿ ಬಂದವನು ನಾಲ್ಕು ದಿನ ಏಳಲಿಲ್ಲ. ಆಮೇಲೆ ಕ್ರಮ ಬದಲಿಸಿದೆವು. ಇಷ್ಟು ಮಾಡಬಲ್ಲೆ ಅನ್ನಿಸಿದರೆ ಅದರಲ್ಲಿ ಅರ್ಧ ಮಾತ್ರ ಮಾಡುವುದು. ಸುಸ್ತಾದ ಮೇಲೆ ಅಲ್ಲ, ಆಗುವ ಮೊದಲೇ ನಿಲ್ಲಿಸುವುದು. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡೇ ಸಾಲು: ಏನು ಮಾಡಿದೆ, ಮರುದಿನ ಹೇಗಿತ್ತು. ಈ ಕಾಯಿಲೆಯಲ್ಲಿ ನಿನ್ನೆಯ ಲೆಕ್ಕ ಇವತ್ತು ಬರುತ್ತದೆ, ಅದಕ್ಕೇ ಬರೆದಿಡಬೇಕು.

ಹಾಗಂತ ವಾರಗಟ್ಟಲೆ ಮಲಗೇ ಇರುವುದೂ ಒಳ್ಳೆಯದಲ್ಲ. ಮೈ ಇನ್ನಷ್ಟು ಸೋಲುತ್ತದೆ. ಐದು ನಿಮಿಷ ನಡಿಗೆಯಿಂದ ಶುರುಮಾಡಿ, ಮರುದಿನ ಹಗುರ ಅನ್ನಿಸಿದರೆ ಮಾತ್ರ ಹೆಚ್ಚಿಸಿ. ಕಾಲೇಜಿಗೋ ಕೆಲಸಕ್ಕೋ ಮೊದಲು ಅರ್ಧ ದಿನ ಹೋಗಲು ಅನುಮತಿ ಕೇಳಿ. ತಿಂಗಳುಗಳು ಕಳೆದರೂ ಸುಧಾರಿಸದಿದ್ದರೆ, ಮನಸ್ಸು ಕುಗ್ಗುತ್ತಿದ್ದರೆ ವೈದ್ಯರಿಗೆ ಮತ್ತೆ ತೋರಿಸಿ. ಸುಸ್ತಿಗೆ ಬೇರೆ ಕಾರಣವೂ ಇರಬಹುದು, ಅಲ್ವಾ?

ಹನ್ನೊಂದನೇ ವಾರದ ಒಂದು ಸಂಜೆ ಮಗ ಅಡುಗೆಮನೆಗೆ ಬಂದ. "ಅಮ್ಮಾ, ಇವತ್ತು ಮಧ್ಯಾಹ್ನ ಮಲಗೋದೇ ಮರೆತುಹೋಯ್ತು" ಅಂದ. ಅವತ್ತು ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದ.