ಹಿಂಬದಿಗೆ ಮೊದಲ ಗೂಟ: ದೊಡ್ಡ ಟನಲ್ ಟೆಂಟ್ ಹಾಕುವುದರಲ್ಲಿ ನನ್ನ ಅನುಭವ

ಆರು ಜನ ಮಲಗಬಹುದಾದ ಟನಲ್ ಟೆಂಟ್ ಹಾಕುವುದು ಕಷ್ಟ ಎನ್ನುವವರು ಸಾಮಾನ್ಯವಾಗಿ ಅದರ ಗಾತ್ರವನ್ನೂ ಭಾರವನ್ನೂ ದೂರುತ್ತಾರೆ. ನಮ್ಮ ಮನೆಯ ಟೆಂಟು ಸುಮಾರು 5.5 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಎತ್ತರವಿದ್ದು, ಚೀಲದ ಸಮೇತ 18 ಕಿಲೋ ತೂಗುತ್ತದೆ. ಮಳೆಗಾಲ ಕಳೆದ ಮೇಲೆ ಶಿರಸಿಯ ಸುತ್ತಲಿನ ಕೊಯ್ಲಾದ ಗದ್ದೆಗಳಲ್ಲಿ, ರಜೆ ಸಿಕ್ಕಾಗ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರದ ಕಡೆ ನೆಂಟರ ಮತ್ತು ಪರಿಚಯದವರ ಜಾಗಗಳಲ್ಲಿ, ಮನೆಮಂದಿಯೆಲ್ಲ ಸೇರಿ ಇದನ್ನು ಹಾಕುತ್ತ ಬಂದಿದ್ದೇವೆ. ಈಗ ನಾನು ಮತ್ತು ನನ್ನ ಹೆಂಡತಿ ಇಬ್ಬರೇ ನಿಂತು, ಅವಸರವಿಲ್ಲದೆ, ಗಾಳಿಯಿದ್ದಾಗಲೂ ಟೆಂಟನ್ನು ಎಬ್ಬಿಸಬಲ್ಲೆವು. ಇದಕ್ಕೆ ಕಾರಣ ನಾವು ಬಿಡದೆ ಪಾಲಿಸುವ ಒಂದು ಕ್ರಮ. ನೆಲದ ಮೇಲೆ ಮುಗಿಸಬಹುದಾದ ಕೆಲಸವನ್ನೆಲ್ಲ ನೆಲದ ಮೇಲೆಯೇ ಮುಗಿಸಬೇಕು, ಹಿಂಬದಿಯ ಗೂಟಗಳು ಗಟ್ಟಿಯಾಗಿ ಕೂರುವ ತನಕ ಬಟ್ಟೆಯನ್ನು ಒಂದು ಗೇಣೂ ಮೇಲೆತ್ತಬಾರದು.

ಈ ಕ್ರಮ ಯಾಕೆ ಬೇಕು ಎನ್ನುವುದು ಟೆಂಟಿನ ರಚನೆಯಲ್ಲೇ ಇದೆ. ಗುಮ್ಮಟದ ಆಕಾರದ ಸಣ್ಣ ಟೆಂಟುಗಳಲ್ಲಿ ಕೋಲುಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಅವು ಗೂಟವಿಲ್ಲದೆಯೂ ತಮ್ಮಷ್ಟಕ್ಕೆ ನಿಲ್ಲುತ್ತವೆ. ಟನಲ್ ಟೆಂಟಿನಲ್ಲಿ ಕಮಾನುಗಳು ಕಮಾನು ಗಾಡಿಯ ಬಿದಿರ ಬಾಗುಗಳಂತೆ ಒಂದರ ಹಿಂದೊಂದು ಸಮಾನಾಂತರವಾಗಿರುತ್ತವೆ. ಒಂದು ಕಮಾನಿಗೂ ಇನ್ನೊಂದಕ್ಕೂ ನಡುವೆ ಬಟ್ಟೆಯ ಎಳೆತ ಬಿಟ್ಟರೆ ಬೇರೆ ಸಂಬಂಧವಿಲ್ಲ. ಹಿಂದಿನಿಂದ ಮುಂದಕ್ಕೆ ಎಳೆದು ಕಟ್ಟಿದಾಗ ಮಾತ್ರ ಅದು ನಿಲ್ಲುತ್ತದೆ; ಒಂದು ತುದಿ ಸಡಿಲವಾದರೆ ಎಲ್ಲ ಕಮಾನುಗಳೂ ಒಂದೇ ಬದಿಗೆ ಮಲಗುತ್ತವೆ. ಆದ್ದರಿಂದ ನಾಲ್ವರು ನಾಲ್ಕು ಮೂಲೆ ಹಿಡಿದು ಎತ್ತುವ ಪದ್ಧತಿ ಈ ಟೆಂಟಿಗೆ ಹೊಂದುವುದಿಲ್ಲ. ನಾಲ್ಕೂ ಕಡೆ ಎಳೆತ ಬೇರೆಬೇರೆಯಾಗಿ ಕೋಲುಗಳ ಮೇಲೆ ಅನಾವಶ್ಯಕ ಒತ್ತಡ ಬೀಳುತ್ತದೆ.

ಚೀಲ ಬಿಚ್ಚುವ ಮೊದಲು ನಾನು ಗಾಳಿಯ ದಿಕ್ಕನ್ನು ನೋಡುತ್ತೇನೆ. ಕರಾವಳಿಯಲ್ಲಿ ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಯಾಕೆಂದರೆ ಚಳಿಗಾಲ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ಗಾಳಿ ಹೆಚ್ಚುಕಡಿಮೆ ಒಂದು ನಿಯಮದಲ್ಲಿ ಬೀಸುತ್ತದೆ. ಹಗಲು ನೆಲ ಬೇಗ ಕಾಯುವುದರಿಂದ ಸಮುದ್ರದ ಕಡೆಯಿಂದ ಗಾಳಿ ಒಳಗೆ ನುಗ್ಗುತ್ತದೆ, ಮಧ್ಯಾಹ್ನದ ನಂತರ ಅದು ವಾಯವ್ಯದ ಕಡೆಗೆ ಓರೆಯಾಗುತ್ತ ಬಲಗೊಳ್ಳುತ್ತದೆ. ರಾತ್ರಿ ನೆಲ ಬೇಗ ತಣಿದಾಗ ಘಟ್ಟದ ಕಡೆಯಿಂದ ಸಮುದ್ರದತ್ತ ತಣ್ಣನೆಯ ಗಾಳಿ ಇಳಿಯುತ್ತದೆ. ಅಂದರೆ ಗಾಳಿ ದಿನಕ್ಕೆರಡು ಬಾರಿ ದಿಕ್ಕು ಬದಲಿಸಿದರೂ ಹರಿಯುವ ಗೆರೆ ಬಹುಮಟ್ಟಿಗೆ ಒಂದೇ. ಟೆಂಟಿನ ಉದ್ದವನ್ನು ಆ ಗೆರೆಗೆ ಹೊಂದಿಸಿ, ತಗ್ಗಾದ ಹಿಂಬದಿಯನ್ನು ಸಮುದ್ರದತ್ತ, ಸ್ವಲ್ಪ ವಾಯವ್ಯಕ್ಕೆ ತಿರುಗಿಸಿ ಇಟ್ಟರೆ ಹಗಲಿನ ಬಿರುಸು ಗಾಳಿ ಹಿಂಬದಿಯ ಇಳಿಜಾರಿನ ಮೇಲೆ ಜಾರಿ ಹೋಗುತ್ತದೆ. ಸಮುದ್ರ ಕಾಣಲಿ ಎಂದು ಅನೇಕರು ಬಾಗಿಲನ್ನು ನೀರಿನ ಕಡೆಗೆ ಇಡುತ್ತಾರೆ. ಆ ಆಸೆ ನನಗೆ ಅರ್ಥವಾಗುತ್ತದೆ, ಆದರೂ ನಾನು ಅದಕ್ಕೆ ಒಪ್ಪುವುದಿಲ್ಲ. ಬಾಗಿಲಿನ ಕಡೆ ಎತ್ತರವೂ ಹೆಚ್ಚು, ತೆರೆದ ಜಾಗವೂ ಹೆಚ್ಚು. ಗಾಳಿ ಒಳಹೊಕ್ಕರೆ ಇಡೀ ಟೆಂಟು ಉಬ್ಬಿ ಗೂಟಗಳನ್ನು ಮೇಲಕ್ಕೆಳೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಅಡ್ಡ ಬದಿಗೆ ಗಾಳಿ ಹೊಡೆಯುವುದು. 5.5 ಮೀಟರ್ ಉದ್ದದ ಆ ಗೋಡೆಗೆ ಅಡ್ಡ ಬಲ ಕೊಡುವುದು ಕೆಲವೇ ಹಗ್ಗಗಳು.

ಇದೇ ಕಾರಣದಿಂದ ಕರಾವಳಿಯಲ್ಲಿ ಬೆಳಿಗ್ಗೆಯೇ, ರಾತ್ರಿಯ ಗಾಳಿ ನಿಂತು ಸಮುದ್ರದ ಗಾಳಿ ಏಳುವ ಮುನ್ನ, ಟೆಂಟ್ ಹಾಕಿ ಮುಗಿಸುವುದು ಒಳ್ಳೆಯದು. ಘಟ್ಟ ಇಳಿಯುವುದು ತಡವಾದರೆ ನಾವು ಊಟ, ಸಾಮಾನು ಇಳಿಸುವ ಕೆಲಸಗಳನ್ನು ಮೊದಲು ಮಾಡಿ, ಸಂಜೆ ಗಾಳಿ ತಗ್ಗಿದ ಮೇಲೆ ಟೆಂಟಿಗೆ ಕೈ ಹಾಕುತ್ತೇವೆ.

ಜಾಗದ ವಿಷಯದಲ್ಲಿ ಒಂದೆರಡು ಮಾತು ಸಾಕು. ತೆಂಗಿನ ಮರದ ಕೆಳಗೆ ಬೇಡ, ಒಣ ಗೆಲ್ಲುಗಳಿರುವ ಗಾಳಿ ಮರದ ಕೆಳಗೂ ಬೇಡ. ದಂಡೆಯಲ್ಲಾದರೆ ಹುಣ್ಣಿಮೆ ಅಮಾವಾಸ್ಯೆಯ ಭರತದ ನೀರು ಬಿಟ್ಟುಹೋದ ಕಸದ ಗೆರೆಗಿಂತ ಸಾಕಷ್ಟು ಮೇಲಿರಬೇಕು. ಹೊನ್ನಾವರದ ಕಾಸರಕೋಡಿನಂತಹ, ಕಡಲಾಮೆಗಳು ಮೊಟ್ಟೆಯಿಡಲು ಬರುವ ದಂಡೆಗಳಲ್ಲಿ ಚಳಿಗಾಲದಲ್ಲಿ ಟೆಂಟನ್ನೂ ದೀಪವನ್ನೂ ಒಯ್ಯಲೇಬಾರದು. ಶಿರಸಿ, ಸಿದ್ದಾಪುರದ ಕಡೆ ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನ, ತರಗೆಲೆಯ ಮೇಲೆ ನಾನು ಟೆಂಟ್ ಹಾಕುವುದಿಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವ, ರಕ್ತ ಹೀರುವ ಉಣ್ಣೆ ಹುಳುಗಳು ಆ ತರಗೆಲೆಯಲ್ಲೇ ಇರುತ್ತವೆ. ಕೊಯ್ಲಾದ ಗದ್ದೆ ಎಲ್ಲ ರೀತಿಯಿಂದಲೂ ಉತ್ತಮ. ಸಮತಟ್ಟಾಗಿರುತ್ತದೆ, ಗೂಟವನ್ನೂ ಚೆನ್ನಾಗಿ ಹಿಡಿಯುತ್ತದೆ.

ಜಾಗ ಗುಡಿಸಿ ಮೊದಲು ತಾಡಪಾಲು ಹಾಸುತ್ತೇವೆ. ಅದನ್ನು ಟೆಂಟಿನ ತಳಕ್ಕಿಂತ ಎಲ್ಲ ಬದಿಗೂ ನಾಲ್ಕು ಬೆರಳು ಕಡಿಮೆ ಇರುವಂತೆ ಕತ್ತರಿಸಿದ್ದೇನೆ, ಏಕೆಂದರೆ ಹೊರಗೆ ಚಾಚಿದ ಅಂಚಿನ ಮೇಲೆ ಬಿದ್ದ ಇಬ್ಬನಿಯೂ ಮಳೆಹನಿಯೂ ನೇರ ಟೆಂಟಿನ ಅಡಿಗೆ ಹರಿದು ಬರುತ್ತದೆ. ಈ ತಾಡಪಾಲಿನಿಂದ ಇನ್ನೊಂದು ಉಪಯೋಗವೂ ಇದೆ. ಮನೆ ಕಟ್ಟುವವರು ಪಾಯದ ಗೆರೆ ಹಾಕುವಾಗ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುವಂತೆ, ಅದರ ಎರಡೂ ಕರ್ಣಗಳು ಸಮವಾಗಿವೆಯೇ ಎಂದು ಹಗ್ಗ ಹಿಡಿದು ನೋಡುತ್ತೇನೆ. ತಳ ಚೌಕವಾಗಿ ಕೂತರೆ ಮುಂದೆ ಕಮಾನು ನೇರವಾಗಿ ನಿಲ್ಲುತ್ತದೆ, ಜಿಪ್ಪು ಸಲೀಸಾಗಿ ಓಡುತ್ತದೆ. ಬಾಗಿಲಿನ ಜಿಪ್ಪು ಬಿಗಿಯೆಂದು ದೂರುವವರ ಟೆಂಟಿನಲ್ಲಿ ನಾನು ನೋಡಿದಂತೆ ತಪ್ಪು ಬಹುತೇಕ ತಳದ ಓರೆಯಲ್ಲಿರುತ್ತದೆ.

ನಮ್ಮ ಟೆಂಟನ್ನು ಹಿಂಬದಿ ಹೊರಗೆ ಬರುವಂತೆ ಸುತ್ತಿಟ್ಟಿರುತ್ತೇವೆ. ಆದ್ದರಿಂದ ಸುರುಳಿಯ ಹೊರ ತುದಿಯನ್ನು ಹಿಡಿದ ಕೂಡಲೇ ಹಿಂಬದಿಯ ಮೂಲೆ ಕೈಗೆ ಸಿಗುತ್ತದೆ. ಅದಕ್ಕೆ ಗೂಟ ಹೊಡೆದು, ಸುರುಳಿಯನ್ನು ಗಾಳಿ ಹೋಗುವ ಕಡೆಗೆ ಉರುಳಿಸಿ, ಬಳಿಕ ಅಗಲಕ್ಕೆ ಬಿಡಿಸಿ ಇನ್ನೊಂದು ಮೂಲೆಗೂ ಗೂಟ ಹೊಡೆಯುತ್ತೇವೆ. ಗಾಳಿ ಎಷ್ಟಿದ್ದರೂ ಬಟ್ಟೆ ಹಾರಿಹೋಗುವ ಭಯ ಅಲ್ಲಿಗೆ ಮುಗಿಯಿತು. ಗೂಟ ಹೊಡೆಯುವ ಮುನ್ನ ಬಾಗಿಲುಗಳ ಜಿಪ್ಪು ಪೂರ್ತಿ ಹಾಕಿರಬೇಕು. ತೆರೆದ ಬಾಗಿಲಿನೊಂದಿಗೆ ಅಳತೆ ಹಿಡಿದು ಗೂಟ ಹೊಡೆದರೆ ಆಮೇಲೆ ಅದು ಮುಚ್ಚುವುದಿಲ್ಲ. ಹಿಂಬದಿಯ ಗಾಳಿಕಿಂಡಿ ಮಾತ್ರ ತೆರೆದಿರಲಿ.

ಇನ್ನು ಕೋಲುಗಳು. ಫೈಬರ್ ಗ್ಲಾಸಿನ ತುಂಡುಗಳನ್ನು ಒಳಗಿನ ಎಲಾಸ್ಟಿಕ್ ದಾರ ಪೋಣಿಸಿರುತ್ತದೆ. ಜೋಡಿಸಿದಾಗ ನಮ್ಮ ಟೆಂಟಿನ ದೊಡ್ಡ ಕೋಲು 5.5 ಮೀಟರಿನಷ್ಟು ಉದ್ದವಾಗುತ್ತದೆ. ಹಿಂದಿನ ಕೋಲು ಗಿಡ್ಡ, ಉಳಿದವು ಉದ್ದ, ಎಲ್ಲವೂ ಕಪ್ಪು. ಕತ್ತಲಾಗುವ ಹೊತ್ತಿನಲ್ಲಿ ಯಾವುದು ಎಲ್ಲಿಯದು ಎಂದು ಹುಡುಕಬಾರದೆಂದು ಪ್ರತಿ ಕೋಲಿನ ತುದಿಗೂ ಅದರ ಬಟ್ಟೆಯ ಕೊಳವೆಯ ಬಾಯಿಗೂ ಒಂದೇ ಬಣ್ಣದ ಉಗುರುಬಣ್ಣ ಹಚ್ಚಿದ್ದೇವೆ. ಕೊಳವೆಯೊಳಗೆ ಕೋಲನ್ನು ಯಾವಾಗಲೂ ತಳ್ಳಬೇಕು, ಎಳೆಯಬಾರದು. ಎಳೆದರೆ ಎಲಾಸ್ಟಿಕ್ ಹಿಗ್ಗಿ ತುಂಡುಗಳು ಕೊಳವೆಯ ನಡುವೆಯೇ ಬಿಟ್ಟುಕೊಳ್ಳುತ್ತವೆ, ಆಮೇಲೆ ಬಟ್ಟೆಯ ಮೇಲಿಂದ ತಡವಿ ಒಂದೊಂದನ್ನೇ ಕೂಡಿಸಬೇಕಾಗುತ್ತದೆ. ಒಬ್ಬರು ತಳ್ಳುವಾಗ ಇನ್ನೊಬ್ಬರು ಕೋಲನ್ನು ಮುಟ್ಟದೆ, ಮುಂದಿನ ಬಟ್ಟೆಯ ನೆರಿಗೆಯನ್ನು ಬಿಡಿಸಿ ಸುಮಾರು ಒಂದು ಮಾರು ಚಪ್ಪಟೆ ಮಾಡಿಕೊಡಬೇಕು. ಕೋಲು ಅಲ್ಲಿಗೆ ತಲುಪಿದ ಮೇಲೆ ಮತ್ತೊಂದು ಮಾರು. ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸವೆಂದರೆ ಇದು, ಅವರು ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಮರಳಿನಲ್ಲಿ ಕೋಲುಗಳನ್ನು ನೆಲಕ್ಕಿಡದೆ ತಾಡಪಾಲಿನ ಮೇಲೆಯೇ ಜೋಡಿಸುವುದು ಒಳ್ಳೆಯದು. ಸಂದಿಯಲ್ಲಿ ಹೊಯ್ಗೆ ಸೇರಿದರೆ ತುಂಡುಗಳು ಪೂರ್ತಿ ಒಳಗೆ ಕೂರುವುದಿಲ್ಲ, ಅರ್ಧ ಕೂತ ಸಂದಿಯ ಬಾಯಿ ಬಾಗಿಸುವಾಗ ಸೀಳುತ್ತದೆ.

ಎಲ್ಲ ಕೋಲುಗಳನ್ನೂ ಹೀಗೆ ಮಲಗಿಸಿಯೇ ತೂರಿಸಿದ ಮೇಲೆ, ಒಂದು ಬದಿಯ ತುದಿಗಳನ್ನೆಲ್ಲ ಪಿನ್ನುಗಳಿಗೆ ಸಿಕ್ಕಿಸಿ, ಮತ್ತೊಂದು ಬದಿಗೆ ಹೋಗಿ ಹಿಂದಿನ ಕೋಲಿನಿಂದ ಆರಂಭಿಸಿ ಒಂದೊಂದನ್ನೇ ಬಾಗಿಸಿ ಸಿಕ್ಕಿಸುತ್ತೇವೆ. ಆಗ ಕಮಾನುಗಳು ರೂಪ ತಳೆದರೂ ಹಿಂದಕ್ಕೆ ವಾಲಿ ನೆಲಕ್ಕೊರಗಿಕೊಂಡಿರುತ್ತವೆ. ಈ ಹಂತದಲ್ಲಿ ಹೆಂಡತಿ ಹಿಂದಿನ ಕಮಾನಿನ ಬಳಿ ನಿಂತು ಅದನ್ನು ನೇರವಾಗಿ ಹಿಡಿಯುತ್ತಾಳೆ. ನಾನು ಮುಂಬದಿಯ ನಡುವಿನ ಪಟ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಸೊಂಟದ ಮಟ್ಟಕ್ಕಿಂತ ಮೇಲೆತ್ತದೆ, ಹಿಂಹಿಂದಕ್ಕೆ ನಡೆಯುತ್ತೇನೆ. ಒಂದೊಂದೇ ಕಮಾನು ಎದ್ದು ನಿಲ್ಲುತ್ತ ಬರುತ್ತದೆ. ಎಳೆತ ಒಂದೇ ಸಮನಾಗಿರಬೇಕು, ಜಗ್ಗಬಾರದು. ಬಟ್ಟೆ ಬಿಗಿಯಾದಲ್ಲಿ ನಿಂತು ಮುಂದಿನ ಎರಡು ಮೂಲೆಗಳಿಗೆ ಗೂಟ ಹೊಡೆದರೆ ಟೆಂಟು ನಿಂತಂತೆಯೇ. ಆಮೇಲೆ ಒಬ್ಬರು ದೂರದಲ್ಲಿ ಪಕ್ಕಕ್ಕೆ ನಿಂತು ಪ್ರತಿ ಕಮಾನೂ ಲಂಬವಾಗಿದೆಯೇ ಎಂದು ನೋಡಿ ಹೇಳಬೇಕು. ನಮ್ಮಲ್ಲಿ ಈ ಕೆಲಸ ಅಪ್ಪಯ್ಯನದು. ಕುರ್ಚಿಯಲ್ಲಿ ಕೂತು, "ನಡುವಿಂದು ಇನ್ನೂ ರಾಶಿ ಹಿಂದಿದ್ದು ನೋಡು" ಎಂದು ಅವರು ಹೇಳಿದ ಮೇಲೆಯೇ ಬದಿಯ ಗೂಟಗಳಿಗೆ ಸುತ್ತಿಗೆ ಬೀಳುತ್ತದೆ. ಹಗ್ಗಗಳಲ್ಲಿ ಮೊದಲು ಗಾಳಿ ಬರುವ ಕಡೆಯವನ್ನು ಕಟ್ಟಿ, ಬಳಿಕ ಬದಿಯವನ್ನು, ಕೊನೆಗೆ ಬಾಗಿಲಿನ ಕಡೆಯವನ್ನು ಕಟ್ಟುತ್ತೇವೆ. ರಾತ್ರಿಯ ಗಾಳಿ ಬಾಗಿಲಿನ ಕಡೆಯಿಂದಲೇ ಬರುವುದರಿಂದ ಅವನ್ನು ಕಟ್ಟದೆ ಬಿಡುವಂತಿಲ್ಲ.

ಗೂಟದ ವಿಷಯ ನೆಲಕ್ಕೆ ತಕ್ಕಂತೆ ಬದಲಾಗುತ್ತದೆ. ಟೆಂಟಿನೊಂದಿಗೆ ಬರುವ ತೆಳು ತಂತಿಯ ಗೂಟಗಳು ಗದ್ದೆಗೆ ಸಾಕು, ನಮ್ಮ ಚಿರೆಕಲ್ಲಿನ ನೆಲದಲ್ಲಿ ಮಡಚಿಹೋಗುತ್ತವೆ. ಅಂತಹ ಕಡೆಗೆಂದು ಕಟ್ಟಡಕ್ಕೆ ಬಳಸುವ 10 ಮಿಲಿಮೀಟರ್ ಸರಳನ್ನು ಒಂದಡಿಯಂತೆ ಕತ್ತರಿಸಿ, ಒಂದು ತುದಿ ಚೂಪು ಮಾಡಿ, ಇನ್ನೊಂದಕ್ಕೆ ಕೊಕ್ಕೆ ಹಾಕಿಸಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಂಡಿದ್ದೇನೆ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲಿರಬೇಕು, ಹಗ್ಗ ಅದನ್ನು ಹೆಚ್ಚುಕಡಿಮೆ ಲಂಬಕೋನದಲ್ಲಿ ಎಳೆಯುವಂತಿರಬೇಕು. ಸುಣ್ಣದ ನೀರಿನಲ್ಲಿ ತಲೆಗಳನ್ನು ಅದ್ದಿ ಬಿಳಿ ಮಾಡಿದ್ದರಿಂದ ಕತ್ತಲಲ್ಲಿ ಕಾಲಿಗೆ ತಾಗುವುದು ತಪ್ಪಿದೆ.

ಒಣ ಮರಳಿನಲ್ಲಿ ಯಾವ ಗೂಟವೂ ನಿಲ್ಲುವುದಿಲ್ಲ. ಕಾರವಾರದ ಬಳಿ ಮೀನುಗಾರರ ಮನೆಯ ಹಿರಿಯರೊಬ್ಬರು ನಾವು ಗೂಟ ಹೊಡೆಯುವುದನ್ನು ನೋಡಿ, "ಒಣ ಹೊಯ್ಗೆಗೆ ಹಿಡಿತ ಇಲ್ಲ, ಚೀಲ ಹುಗಿದು ನೀರು ಹಾಕಿ ತುಳೀರಿ" ಎಂದು ಹೇಳಿಕೊಟ್ಟರು. ಅಂದಿನಿಂದ ನಾವು ಸಣ್ಣ ಗೋಣಿ ಚೀಲಗಳನ್ನು ಒಯ್ಯುತ್ತೇವೆ. ಮೊಣಕೈ ಮುಳುಗುವಷ್ಟು ಆಳ ತೋಡಿ, ಮರಳು ತುಂಬಿ ಬಾಯಿ ಕಟ್ಟಿದ ಚೀಲದ ನಡುವಿಗೆ ಹಗ್ಗ ಬಿಗಿದು, ಚೀಲವನ್ನು ಎಳೆತಕ್ಕೆ ಅಡ್ಡಲಾಗಿ ಮಲಗಿಸುತ್ತೇವೆ. ಹಗ್ಗ ಹೊರಬರುವ ಕಡೆ ಓರೆಯಾಗಿ ಒಂದು ಸೀಳು ತೋಡುವುದು ಮುಖ್ಯ. ಅದಿಲ್ಲದಿದ್ದರೆ ಹಗ್ಗ ನೇರ ಮೇಲಕ್ಕೆಳೆದು ಚೀಲವನ್ನು ಎಬ್ಬಿಸುತ್ತದೆ. ಮೇಲೆ ಮರಳು ಮುಚ್ಚಿ, ಒಂದು ಕೊಡ ಸಮುದ್ರದ ನೀರು ಸುರಿದು ತುಳಿದರೆ ಮೈಭಾರ ಹಾಕಿ ಎಳೆದರೂ ಅದು ಕದಲುವುದಿಲ್ಲ. ಚೀಲ ಸಾಲದಾದಾಗ ಒಡೆದ ತೆಂಗಿನಕಾಯಿಯ ಇಡೀ ಸಿಪ್ಪೆಯನ್ನು ಹೀಗೆಯೇ ಹುಗಿದು ಕಟ್ಟಿದ್ದೂ ಉಂಟು, ಅದೂ ಚೆನ್ನಾಗಿ ಹಿಡಿಯುತ್ತದೆ.

ಬಿಚ್ಚುವಾಗ ಕ್ರಮ ತಿರುಗುಮುರುಗು: ಮುಂದಿನ ಗೂಟಗಳು ಮೊದಲು, ಹಿಂದಿನವು ಕೊನೆಗೆ. ಕೋಲುಗಳನ್ನು ಹೊರತೆಗೆಯುವಾಗಲೂ ತಳ್ಳಬೇಕು, ಮಡಚುವಾಗ ನಡುವಿನ ಸಂದಿಯಿಂದ ಆರಂಭಿಸಿ ಎರಡೂ ತುದಿಗೆ ಹೋಗಬೇಕು. ಹಾಗಾದರೆ ಎಲಾಸ್ಟಿಕ್ ಒಂದೇ ಕಡೆ ಹಿಗ್ಗುವುದಿಲ್ಲ. ಬಟ್ಟೆಯನ್ನು ಮುಂಬದಿಯಿಂದ ಸುತ್ತುತ್ತ ಹೋದರೆ ಒಳಗಿನ ಗಾಳಿ ಹಿಂಬದಿಯ ಕಿಂಡಿಯಿಂದ ಹೊರಡುತ್ತದೆ, ಸುರುಳಿ ಚೀಲಕ್ಕೆ ಸುಲಭವಾಗಿ ಹೋಗುತ್ತದೆ. ಕರಾವಳಿಯ ಇಬ್ಬನಿಗೆ ಬೆಳಿಗ್ಗೆ ಬಟ್ಟೆ ಒದ್ದೆಯಾಗಿಯೇ ಇರುವುದರಿಂದ ಅಲ್ಲಿ ಸುತ್ತಿದ್ದು ಊರು ತಲುಪುವ ತನಕಕ್ಕೆ ಮಾತ್ರ. ಮನೆಗೆ ಬಂದ ದಿನವೇ ಅಡಿಕೆ ಅಂಗಳದಲ್ಲಿ ಬಿಡಿಸಿ, ಸಿಹಿನೀರಿನಿಂದ ಉಪ್ಪು ತೊಳೆದು, ನೆರಳಿನಲ್ಲಿ ಹೊಲಿಗೆಗಳೂ ಆರುವ ತನಕ ಒಣಗಿಸುತ್ತೇವೆ. ಜಿಪ್ಪಿನ ಹಲ್ಲುಗಳಿಗೆ ಮೇಣದಬತ್ತಿ ತಿಕ್ಕಿ, ಕೋಲಿನ ಸಂದಿಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಸೀಳು ಬಿಟ್ಟ ತುಂಡೇನಾದರೂ ಇದ್ದರೆ ಆಗಲೇ ಬದಲಾಯಿಸುತ್ತೇನೆ. ಗೂಟ, ಸುತ್ತಿಗೆ ಮತ್ತು ಗೋಣಿ ಚೀಲಗಳು ಟೆಂಟಿನ ಚೀಲದೊಳಗೆ ಹೋಗದೆ, ಕಾರಿನಿಂದ ಮೊದಲು ಕೈಗೆ ಸಿಗುವಂತೆ ಬೇರೆಯೇ ಒಂದು ಡಬ್ಬಿಯಲ್ಲಿರುತ್ತವೆ.