ಬೀದಿಯಲ್ಲಿ ಯಾರಾದರೂ ಮೈಮೇಲೆ ಬಂದರೆ: ಅಂತರ ಕಾಯುವುದನ್ನು ಕಲಿಯುವುದು ಹೇಗೆ?

ಆತ್ಮರಕ್ಷಣೆ ಕಲಿಯಲು ಹೋಗುವವರು ಮೊದಲ ದಿನವೇ ಕೇಳುವ ಪ್ರಶ್ನೆ ಒಂದಿದೆ. ‘ಯಾರಾದರೂ ಕುತ್ತಿಗೆಗೆ ಕೈ ಹಾಕಿದರೆ ಏನು ಮಾಡಬೇಕು?’ ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು. ಕುತ್ತಿಗೆಗೆ ಕೈ ಹಾಕುವಷ್ಟು ಹತ್ತಿರಕ್ಕೆ ಅವನು ಬಂದದ್ದಾದರೂ ಹೇಗೆ?

ಉತ್ತರ ಅಲ್ಲೇ ಇದೆ. ಬೀದಿಯಲ್ಲಿ ನಮ್ಮನ್ನು ಕಾಪಾಡುವುದು ಅಂತರ. ಕಣ್ಣು ಅದನ್ನು ಮೊದಲೇ ಗಳಿಸಿಕೊಡುತ್ತದೆ, ಮಾತು ಅದನ್ನು ಉಳಿಸುತ್ತದೆ. ಹೊಡೆತ ಬೇಕಾಗುವುದು ಕಳೆದುಹೋದ ಅಂತರವನ್ನು ವಾಪಸ್ ಪಡೆಯಲು ಮಾತ್ರ. ಈ ಕ್ರಮದಲ್ಲೇ ಕಲಿಯೋಣ.

ಹಂತ 1: ಎಷ್ಟು ದೂರ ಸಾಕು?

ಅಪರಿಚಿತ ವ್ಯಕ್ತಿ ಸಿಟ್ಟಿನಲ್ಲಿ ಮಾತಾಡುತ್ತಿದ್ದರೆ, ಅವನು ಕೈ ಚಾಚಿದರೂ ನಿಮಗೆ ತಾಗಬಾರದು. ಒಂದು ಹೆಜ್ಜೆ ಮುಂದಿಟ್ಟರೆ ಮಾತ್ರ ತಾಗಬೇಕು. ಇದು ಕನಿಷ್ಠ ಅಂತರ. ಯಾಕೆ ಗೊತ್ತಾ? ಕಣ್ಣಿಗೆ ಕಂಡ ಒಂದು ಸಂಜ್ಞೆಗೆ ಸುಮ್ನೆ ಬೆರಳು ಅಲುಗಿಸುವುದಕ್ಕೇ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಮುಖದ ಹತ್ತಿರ ನಿಂತವನ ಗುದ್ದು ಅಷ್ಟರೊಳಗೆ ಬಂದು ಬಿದ್ದಿರುತ್ತದೆ. ಎಷ್ಟೇ ಅಭ್ಯಾಸ ಮಾಡಿದವರಿಗೂ ಆ ದೂರದಲ್ಲಿ ತಡೆಯುವುದು ಕಷ್ಟ. ಅವನು ಒಂದು ಹೆಜ್ಜೆ ಇಡಲೇಬೇಕು ಎಂದಾದರೆ, ಆ ಹೆಜ್ಜೆಯೇ ನಿಮಗೆ ಮುನ್ಸೂಚನೆ.

ಕೈಯಲ್ಲಿ ಚಾಕು ಇದ್ದರೆ ಲೆಕ್ಕವೇ ಬೇರೆ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟುಯೆಲರ್ ಇದನ್ನು ಅಳೆದು ನೋಡಿ 1983ರಲ್ಲಿ ಬರೆದರು. ಚಾಕು ಹಿಡಿದವನು 21 ಅಡಿ, ಅಂದರೆ ಆರು ಮೀಟರಿಗೂ ಜಾಸ್ತಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಬರಬಲ್ಲ. ಸೊಂಟದಲ್ಲಿದ್ದ ಪಿಸ್ತೂಲು ತೆಗೆದು ಗುರಿ ಹಿಡಿಯಲು ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಗುತ್ತದೆ. ಬರಿಗೈಯಲ್ಲಿರುವ ನಾವು ಎಷ್ಟು ದೂರವಿರಬೇಕು, ನೀವೇ ಯೋಚಿಸಿ.

ಹಂತ 2: ಮೊದಲೇ ನೋಡುವುದು

ಜೆಫ್ ಕೂಪರ್ ಎಂಬ ಮಾಜಿ ಸೈನಿಕ ಮನಸ್ಸಿನ ಎಚ್ಚರವನ್ನು ನಾಲ್ಕು ಬಣ್ಣಗಳಲ್ಲಿ ಹೇಳಿಕೊಟ್ಟರು. ಬಿಳಿ ಎಂದರೆ ಸುತ್ತಲಿನ ಅರಿವೇ ಇಲ್ಲ. ಹಳದಿ ಎಂದರೆ ಆರಾಮಾಗಿ ಇದ್ದೀರಿ, ಆದರೆ ನೋಡುತ್ತಿದ್ದೀರಿ. ಕಿತ್ತಳೆ ಎಂದರೆ ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ಅನುಮಾನ ಬಂದಿದೆ. ಕೆಂಪು ಎಂದರೆ ಏನು ಮಾಡಬೇಕೆಂದು ತೀರ್ಮಾನವಾಗಿದೆ. ಮನೆಯಿಂದ ಹೊರಗಿರುವಾಗ ಹಳದಿಯಲ್ಲಿದ್ದರೆ ಸಾಕು. ದಿನವಿಡೀ ಹೆದರಿಕೊಂಡಿರಬೇಕಾಗಿಲ್ಲ. ನಡೆಯುವಾಗ ಫೋನ್ ಜೇಬಿನಲ್ಲಿರಲಿ, ಒಂದು ಕಿವಿಯಾದರೂ ಖಾಲಿ ಇರಲಿ. ಎಲ್ಲಿಗೆ ಹೋದರೂ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಕಿತ್ತಳೆಗೆ ಹೋಗಬೇಕಾದ ಗುರುತುಗಳು ಇವು. ಮಾತಾಡುತ್ತಲೇ ಹತ್ತಿರ ಬರುವುದು. ಒಂದು ಕೈಯನ್ನು ಬೆನ್ನ ಹಿಂದೆ ಅಥವಾ ಜೇಬಿನಲ್ಲಿ ಅಡಗಿಸಿಡುವುದು. ಯಾರಾದರೂ ನೋಡುತ್ತಿದ್ದಾರಾ ಎಂದು ಅತ್ತಿತ್ತ ಕಣ್ಣು ಹಾಯಿಸುವುದು. ಜೋರಾಗಿ ಕೂಗಾಡುತ್ತಿದ್ದವನು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಹಲ್ಲು ಕಚ್ಚುವುದು. ಒಂದು ಕಾಲನ್ನು ಹಿಂದಿಟ್ಟು ಭುಜ ತಿರುಗಿಸುವುದು. ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸಿದರೆ ರಸ್ತೆ ದಾಟಿ ನೋಡಿ. ಅವರೂ ದಾಟಿದರೆ ಮತ್ತೆ ಈಚೆ ಬನ್ನಿ. ಆಗಲೂ ಹಿಂದೆಯೇ ಬಂದರೆ ಅನುಮಾನ ಬೇಡ, ಜನ ಇರುವ ಕಡೆಗೆ ಹೋಗಿ. ನೇರ ಮನೆಗೆ ಹೋಗಬೇಡಿ.

ಹಂತ 3: ಅವನಿಗೆ ಬೇಕಾದ್ದೇನು?

ಇದನ್ನು ಬಹಳ ಕ್ಲಾಸುಗಳಲ್ಲಿ ಹೇಳಿಕೊಡುವುದೇ ಇಲ್ಲ. ನನ್ನ ಪ್ರಕಾರ ಗುದ್ದುವುದಕ್ಕಿಂತ ಮೊದಲು ಕಲಿಯಬೇಕಾದ ಪಾಠ ಇದು.

ಕೆಲವರಿಗೆ ಬೇಕಾದ್ದು ಮರ್ಯಾದೆ. ಗಾಡಿ ತಾಗಿದ್ದಕ್ಕೆ, ಭುಜ ತಗುಲಿದ್ದಕ್ಕೆ, ‘ಏನೋ ಗುರಾಯಿಸ್ತೀಯಾ’ ಎಂದು ಶುರುವಾಗುವ ಜಗಳ ಇದು. ಇಲ್ಲಿ ತಪ್ಪು ಯಾರದ್ದೇ ಇರಲಿ, ‘ಸಾರಿ, ನನ್ನಿಂದ ತಪ್ಪಾಯ್ತು’ ಎಂದು ಹೇಳಿ ಹಿಂದೆ ಸರಿದರೆ ಮುಗಿಯಿತು. ಅವನ ಗೆಳೆಯರ ಮುಂದೆ ಅವನನ್ನು ಸಣ್ಣವನನ್ನಾಗಿ ಮಾಡಬೇಡಿ. ಅವನಿಗೂ ಮುಖ ಉಳಿಸಿಕೊಂಡು ಹೋಗಲು ದಾರಿ ಇರಲಿ.

ಇನ್ನು ಕೆಲವರಿಗೆ ಬೇಕಾದ್ದು ನಿಮ್ಮ ವಸ್ತು. ಕೊಟ್ಟುಬಿಡಿ. ಫೋನ್ ಮತ್ತೆ ಸಿಗುತ್ತದೆ, ಅಲ್ವಾ? ಕೈಗೆ ಕೊಡಲು ಹತ್ತಿರ ಹೋಗಬೇಕಾಗಿಲ್ಲ. ಪರ್ಸನ್ನು ಒಂದು ಕಡೆ ಎಸೆದು ಇನ್ನೊಂದು ಕಡೆಗೆ ಓಡಿ.

ಮೂರನೆಯದು ನಿಜಕ್ಕೂ ಭಯಂಕರ. ಅವನಿಗೆ ಬೇಕಾದ್ದು ನೀವೇ. ‘ಸುಮ್ನೆ ಗಾಡಿ ಹತ್ತು’, ‘ಆ ಕಡೆ ಬಾ, ಏನೂ ಮಾಡಲ್ಲ’ ಎಂಬ ಮಾತು ಬಂದರೆ ಅಲ್ಲೇ, ಆ ಕ್ಷಣವೇ ಕಿರುಚಬೇಕು, ಹೋರಾಡಬೇಕು, ಓಡಬೇಕು. ಜನ ಕಾಣದ ಇನ್ನೊಂದು ಜಾಗಕ್ಕೆ ಹೋದಮೇಲೆ ತಪ್ಪಿಸಿಕೊಳ್ಳುವ ದಾರಿಗಳು ಕಡಿಮೆಯಾಗುತ್ತವೆ.

ಹಂತ 4: ಮಾತು ಮತ್ತು ಕೈ

ಇಂಗ್ಲೆಂಡಿನಲ್ಲಿ ನೈಟ್‌ಕ್ಲಬ್ ಬಾಗಿಲು ಕಾಯುತ್ತಿದ್ದ ಜೆಫ್ ಥಾಂಪ್ಸನ್ ಜನಪ್ರಿಯಗೊಳಿಸಿದ ಒಂದು ನಿಲುವಿದೆ. ಅದನ್ನು ಅವರು ‘ಬೇಲಿ’ ಎಂದು ಕರೆದರು. ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಎದುರಿನವನ ಕಡೆ ತೋರಿಸಿ. ಒಂದು ಕಾಲು ಸ್ವಲ್ಪ ಹಿಂದೆ, ಮಂಡಿ ಸಡಿಲ. ನೋಡುವವರಿಗೆ ನೀವು ಸಮಾಧಾನ ಮಾಡುತ್ತಿರುವಂತೆ ಕಾಣುತ್ತದೆ. ಆದರೆ ನಿಮ್ಮ ಕೈ ಆಗಲೇ ಅವನಿಗೂ ನಿಮ್ಮ ಮುಖಕ್ಕೂ ನಡುವೆ ಇದೆ. ಮುಷ್ಟಿ ಕಟ್ಟಿ ನಿಂತರೆ ಅದೇ ಜಗಳಕ್ಕೆ ಆಹ್ವಾನ ಕೊಟ್ಟಂತೆ. ತೆರೆದ ಅಂಗೈಯಿಂದ ಆ ತೊಂದರೆ ಇಲ್ಲ. ಅವನ ಎದೆ ನಿಮ್ಮ ಬೆರಳಿಗೆ ತಾಗಿದರೆ ಗೆರೆ ದಾಟಿದ್ದಾನೆ ಎಂದು ತಿಳಿಯಿರಿ.

ಮಾತು ಚಿಕ್ಕದಾಗಿರಲಿ. ‘ನಿಲ್ಲಿ. ಹತ್ತಿರ ಬರಬೇಡಿ.’ ಹೊಟ್ಟೆಯಿಂದ ದನಿ ತೆಗೆದು ಹೇಳಿ. ಬೈಗುಳ ಬೇಡ, ಬಹುವಚನವೇ ಇರಲಿ. ಸುತ್ತ ಜನರಿದ್ದರೆ ‘ನೀವು ಯಾರೋ ನನಗೆ ಗೊತ್ತಿಲ್ಲ, ನನ್ನ ಹಿಂದೆ ಬರಬೇಡಿ’ ಎಂದು ಜೋರಾಗಿ ಹೇಳುವುದು ತುಂಬಾ ಮುಖ್ಯ. ಇಲ್ಲದಿದ್ದರೆ ಗಂಡ ಹೆಂಡತಿ ಜಗಳ, ನಮಗ್ಯಾಕೆ ಎಂದು ಜನ ಮುಂದೆ ಹೋಗಿಬಿಡುತ್ತಾರೆ. ‘ಯಾರಾದರೂ ಬನ್ನಿ’ ಎಂದರೆ ಯಾರೂ ಬರದೆ ಇರಬಹುದು. ‘ನೀಲಿ ಶರ್ಟ್ ಹಾಕಿದವರೇ, ಪೊಲೀಸರಿಗೆ ಫೋನ್ ಮಾಡಿ’ ಎಂದು ಒಬ್ಬರನ್ನೇ ಬೆರಳು ಮಾಡಿ ಕರೆಯಿರಿ.

ಈ ಹೊತ್ತಿಗೆ ಕೈಕಾಲು ನಡುಗುತ್ತಿರುತ್ತವೆ. ಬಾಯಿ ಒಣಗಿರುತ್ತದೆ. ಅದು ಹೇಡಿತನ ಖಂಡಿತ ಅಲ್ಲ, ಅಪಾಯದ ಹೊತ್ತಿನಲ್ಲಿ ಮೈ ಹೊರಬಿಡುವ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದಿರುವ ಲಕ್ಷಣ. ಆಗ ಕಣ್ಣಿಗೆ ಎದುರಿನದ್ದು ಮಾತ್ರ ಕಾಣುತ್ತದೆ, ಪಕ್ಕದ ಸದ್ದು ಕೇಳದೆ ಹೋಗಬಹುದು, ಬೆರಳುಗಳ ನಾಜೂಕು ಕೆಲಸ ಕೈಕೊಡುತ್ತದೆ. ಬೇಕೆಂದೇ ಉಸಿರನ್ನು ನಿಧಾನಕ್ಕೆ ಹೊರಗೆ ಬಿಡಿ. ಬೇಕೆಂದೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ. ಅವನ ಜೊತೆಗಾರ ಪಕ್ಕದಿಂದ ಬರುತ್ತಿರಬಹುದು.

ಹಂತ 5: ಹೊಡೆಯಲೇಬೇಕಾದಾಗ

ಬೆರಳುಗಳೇ ಮಾತು ಕೇಳದ ಹೊತ್ತಿನಲ್ಲಿ ಹತ್ತು ಪಟ್ಟುಗಳು ನೆನಪಿಗೆ ಬರುವುದಿಲ್ಲ. ಶಾಂಘೈ ಪೊಲೀಸ್ ಪಡೆಯಲ್ಲಿದ್ದು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಕಮಾಂಡೊಗಳಿಗೆ ತರಬೇತಿ ಕೊಟ್ಟ ವಿಲಿಯಂ ಫೇರ್‌ಬೇರ್ನ್ ಸರಳವಾದ ಕೆಲವೇ ಹೊಡೆತಗಳನ್ನು ನೆಚ್ಚಿಕೊಂಡಿದ್ದರು. ಅವುಗಳಲ್ಲಿ ಒಂದು, ಅಂಗೈಯ ಬುಡದಿಂದ ಗದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಹೊಡೆಯುವುದು.

ಮುಖಕ್ಕೆ ಮುಷ್ಟಿಯಿಂದ ಗುದ್ದಬೇಡಿ. ತಲೆಬುರುಡೆ ಗಟ್ಟಿ, ಕಿರುಬೆರಳಿನ ಬುಡದ ಮೂಳೆ ಸಣ್ಣದು. ಹಾಗೆ ಗುದ್ದಿ ಆ ಮೂಳೆ ಮುರಿಯುವುದಕ್ಕೆ ವೈದ್ಯರು ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದೇ ಹೆಸರಿಟ್ಟಿದ್ದಾರೆ. ಹಲ್ಲು ತಾಗಿ ಗೆಣ್ಣು ಸೀಳಿದರೆ ಕೀವು ಆಗಬಹುದು. ಅಂಗೈ ಬುಡ, ಮೊಣಕೈ, ತೊಡೆಸಂದಿಗೆ ಮೊಣಕಾಲು, ಮುಂಗಾಲಿಗೆ, ಅಂದರೆ ಮೊಣಕಾಲಿನ ಕೆಳಗಿನ ಮುಂಭಾಗಕ್ಕೆ, ಶೂನಿಂದ ಒದೆತ. ಇಷ್ಟು ಸಾಕು. ಎರಡು ಮೂರು ಹೊಡೆತ ಒಂದರ ಹಿಂದೊಂದು, ತಕ್ಷಣ ಓಟ. ಅವನು ಬಿದ್ದನೋ ಇಲ್ಲವೋ ಎಂದು ನಿಂತು ನೋಡುವುದು ಬೇಡ.

ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ನಿಮ್ಮ ಕೈ ತಿರುಗಿಸಿ ಎಳೆಯಿರಿ. ಹಿಡಿತ ಸಡಿಲ ಇರುವುದು ಅಲ್ಲೇ. ಬರೀ ತೋಳಿನಿಂದ ಎಳೆಯದೆ ಇಡೀ ಮೈ ತಿರುಗಿಸಿ. ಕುತ್ತಿಗೆ ಹಿಡಿದರೆ ಮೊದಲು ಗದ್ದವನ್ನು ಎದೆಗೆ ಒತ್ತಿ. ಕುತ್ತಿಗೆಯ ಎರಡೂ ಬದಿ ಬಿಗಿಯಾಗಿ ಅದುಮಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹಾಗಾಗಿ ಕಾಯಬೇಡಿ. ಅವನ ಹೆಬ್ಬೆರಳುಗಳನ್ನು ಕಿತ್ತು, ಭುಜ ಎತ್ತಿ, ಜೋರಾಗಿ ತಿರುಗಿ. ನೆಲಕ್ಕೆ ಬಿದ್ದರೆ ತಲೆ ಎತ್ತಿ ಹಿಡಿಯಿರಿ. ಪಾದಗಳು ಅವನ ಕಡೆಗಿರಲಿ, ಮುಂಗಾಲಿಗೆ ಒದೆಯಿರಿ. ಜಾಗ ಸಿಕ್ಕ ಕೂಡಲೇ ಒಂದು ಕೈ ಹಿಂದೆ ಊರಿ ಎದ್ದೇಳಿ.

ಚಾಕು ಕಸಿದುಕೊಳ್ಳುವ ಪಟ್ಟುಗಳನ್ನು ನಂಬಬೇಡಿ. ತೋರಿಸಿಕೊಡುವವರ ಮುಂದೆ ಜೊತೆಗಾರ ಒಮ್ಮೆ ಚುಚ್ಚಿ ಕೈಯನ್ನು ಅಲ್ಲೇ ಬಿಡುತ್ತಾನೆ. ನಿಜವಾಗಿ ಚುಚ್ಚುವವನು ಕೈ ಹಿಂದೆಳೆದು ಮತ್ತೆ ಮತ್ತೆ ಚುಚ್ಚುತ್ತಾನೆ. ಓಡಿ. ಓಡಲು ಆಗದಿದ್ದರೆ ನಿಂತ ಕಾರು, ಮೇಜು, ಕೈಯಲ್ಲಿನ ಬ್ಯಾಗು, ಏನಾದರೂ ನಡುವೆ ಇರಲಿ.

ಹಾಗೆಯೇ, ಅವನು ಹಿಂದೆ ಸರಿದಮೇಲೂ, ಬಿದ್ದಮೇಲೂ ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ. ಕಾನೂನು ಸಾಮಾನ್ಯವಾಗಿ ಒಪ್ಪುವುದು ಅಪಾಯ ತಪ್ಪಿಸಲು ಬೇಕಾದಷ್ಟು ಬಲವನ್ನು ಮಾತ್ರ. ಬಿದ್ದವನ ತಲೆ ಗಟ್ಟಿ ನೆಲಕ್ಕೆ ಬಡಿದು ಒಂದೇ ಗುದ್ದಿಗೆ ಸಾವು ಆದದ್ದೂ ಇದೆ.

ಹಂತ 6: ಕ್ಲಾಸ್ ಆರಿಸುವುದು

ವಿಡಿಯೊ ನೋಡಿ ಇದನ್ನು ಕಲಿಯಲು ಆಗುವುದಿಲ್ಲ. ಎದುರಿನ ಮನುಷ್ಯ ನಿಜಕ್ಕೂ ಬಿಡದೆ ಹಿಡಿದಾಗಲೇ ಯಾವುದು ಕೆಲಸ ಮಾಡುತ್ತದೆ ಎಂದು ಮೈಗೆ ಗೊತ್ತಾಗುವುದು. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಜೂಡೋ ಶಾಲೆ ತೆರೆದಾಗ, ಜೊತೆಗಾರ ಪೂರ್ತಿ ವಿರೋಧಿಸುವ ‘ರಂದೋರಿ’ ಅಭ್ಯಾಸಕ್ಕೆ ದೊಡ್ಡ ಜಾಗ ಕೊಟ್ಟರು. ಅಪಾಯದ ಪಟ್ಟುಗಳನ್ನು ಹೊರಗಿಟ್ಟಿದ್ದರಿಂದ ಉಳಿದವನ್ನು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಬಹುದಿತ್ತು. ಯಾವ ಕ್ಲಾಸಿಗೆ ಹೋದರೂ ಇದನ್ನೇ ಹುಡುಕಿ. ಸೇರುವ ಮೊದಲು ಒಂದು ದಿನ ಕೂತು ನೋಡಿ. ಜೊತೆಗಾರ ಎದುರು ಬಲ ಹಾಕುತ್ತಾನಾ? ಪ್ಯಾಡಿಗೆ ಜೋರಾಗಿ ಹೊಡೆಸುತ್ತಾರಾ? ಕೂಗುವುದನ್ನು, ಹಿಂದೆ ಸರಿಯುವುದನ್ನು, ಓಡುವುದನ್ನು ಅಭ್ಯಾಸ ಮಾಡಿಸುತ್ತಾರಾ? ಬೀಳುವುದನ್ನು ಮೊದಲು ಕಲಿಸುತ್ತಾರಾ? ‘ನಮ್ಮ ಪಟ್ಟು ಎಷ್ಟು ಅಪಾಯ ಎಂದರೆ ಅಭ್ಯಾಸಕ್ಕೂ ಪ್ರಯೋಗಿಸುವಂತಿಲ್ಲ’ ಎನ್ನುವವರಿಂದ ದೂರ ಇರಿ.

ಮಾತು, ಎಚ್ಚರ, ಹೊಡೆತ ಮೂರನ್ನೂ ಸೇರಿಸಿ ಕಲಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಸುಮಾರು 12 ಗಂಟೆಗಳ ತರಬೇತಿ. ಪರಿಚಯದವರಿಂದ ಬರುವ ಅಪಾಯವನ್ನು ಗುರುತಿಸುವುದು, ಖಡಕ್ಕಾಗಿ ಬೇಡ ಎನ್ನುವುದು, ಕೊನೆಗೆ ಕೈ ಎತ್ತುವುದು, ಎಲ್ಲವೂ ಅದರಲ್ಲಿತ್ತು. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ತರಬೇತಿ ಪಡೆದವರಲ್ಲಿ ಶೇ 5.2, ಬರೀ ಮಾಹಿತಿ ಪತ್ರ ಪಡೆದವರಲ್ಲಿ ಶೇ 9.8. ಹಾಗೆಂದು, ಹಲ್ಲೆಗೆ ಒಳಗಾದವರಿಗೆ ‘ನೀನು ಯಾಕೆ ಕಲಿತಿರಲಿಲ್ಲ’ ಎಂದು ಯಾರೂ ಕೇಳಬಾರದು. ತಪ್ಪು ಯಾವಾಗಲೂ ಕೈ ಹಾಕಿದವನದ್ದು.

ಮನೆಯಲ್ಲಿ ದಿನಕ್ಕೆ ಐದು ನಿಮಿಷ ಸಾಕು. ಕನ್ನಡಿ ಮುಂದೆ ನಿಂತು ಬೇಲಿಯ ನಿಲುವು, ಜೋರು ದನಿಯಲ್ಲಿ ‘ನಿಲ್ಲಿ’, ನೆಲದಿಂದ ಏಳುವುದು. ಕೂಗಲು ಮೊದಮೊದಲು ನಾಚಿಕೆಯಾಗುತ್ತದೆ, ದನಿಯೇ ಹೊರಡುವುದಿಲ್ಲ. ಅದಕ್ಕೇ ಅಭ್ಯಾಸ ಬೇಕು.

ಹಂತ 7: ಆಮೇಲೆ

ಬೆಳಕು, ಜನ ಇರುವ ಜಾಗ ತಲುಪಿದ ಮೇಲೆ ಮೈ ತಡವಿ ನೋಡಿಕೊಳ್ಳಿ, ಬಟ್ಟೆಯ ಒಳಗೂ. ಗಾಯವಾದದ್ದು ಆ ಹೊತ್ತಿನಲ್ಲಿ ಗೊತ್ತೇ ಆಗದಿರಬಹುದು. ತಲೆಗೆ ಪೆಟ್ಟು ಬಿದ್ದಿದ್ದರೆ, ಕುತ್ತಿಗೆ ಹಿಸುಕಿದ್ದರೆ, ನೋವಿಲ್ಲ ಅನ್ನಿಸಿದರೂ ಅವತ್ತೇ ವೈದ್ಯರಿಗೆ ತೋರಿಸಿ. ಪೊಲೀಸರಿಗೆ ನೀವೇ ಮೊದಲು ತಿಳಿಸಿ. ನೋಡಿದವರ ಫೋನ್ ನಂಬರ್ ತೆಗೆದುಕೊಳ್ಳಿ. ಏನು ನಡೆಯಿತು, ಅವನು ಏನು ಹೇಳಿದ, ಯಾವ ಬಟ್ಟೆ ಹಾಕಿದ್ದ ಎಂಬುದನ್ನು ಮರೆಯುವ ಮೊದಲು ಬರೆದಿಡಿ. ಆ ರಾತ್ರಿ ಒಬ್ಬರೇ ಇರಬೇಡಿ. ಕೆಲವು ದಿನ ನಿದ್ದೆ ಸರಿಯಾಗಿ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಸಹಜ. ಒಂದು ತಿಂಗಳಾದರೂ ಹಾಗೇ ಇದ್ದರೆ ಮನೋವೈದ್ಯರನ್ನು ಅಥವಾ ಆಪ್ತ ಸಮಾಲೋಚಕರನ್ನು ಕಾಣಿ.